ನೀರಿಗೆ ಸಲ್ಲುವ ನೇರಳಾತೀತ ಬೆಳಕು ರಕ್ತಕ್ಕೂ ಸಲ್ಲುವುದೇ?

ಅಂತರಗಂಗೆ ಮೇಷ್ಟ್ರು | ಭಾನುವಾರ, ರಾತ್ರಿ 8.15

ಇಂದು ನಮ್ಮ ಶಾಲೆಯ ಆವರಣದಲ್ಲಿ ರಕ್ತದಾನ ಶಿಬಿರವಿತ್ತು. ದಾನಿಗಳಿಗೆ ಬಿಸ್ಕತ್ತು, ಹಣ್ಣಿನ ರಸ ಕೊಡುವ ಕೆಲಸವನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ವಹಿಸಿದ್ದೆ. ಅವರಲ್ಲೊಬ್ಬಳು ತುಂಬುತ್ತಿದ್ದ ಚೀಲವನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದಳು. ಕೊನೆಗೆ ನನ್ನ ಬಳಿ ಬಂದು, ತಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಯುವಿ, ಅಂದರೆ ನೇರಳಾತೀತ ಬೆಳಕಿನ ದೀಪದ ಪಕ್ಕ ನೀರು ಹಾಯಿಸಿ ಕ್ರಿಮಿ ಕೊಲ್ಲುವ ಹಾಗೆ ಈ ರಕ್ತವನ್ನೂ ಹಾಯಿಸಿಬಿಟ್ಟರೆ ಎಚ್‌ಐವಿ, ಕಾಮಾಲೆ ಯಾವುದರ ಭಯವೂ ಇರುವುದಿಲ್ಲವಲ್ಲ ಸಾರ್ ಎಂದು ಕೇಳಿದಳು. ರಕ್ತ ಕೆಂಪಗಿದೆ, ಬೆಳಕು ಒಳಗೆ ಹೋಗುವುದಿಲ್ಲ ಎಂದು ಹೇಳಿ ಕಳುಹಿಸಿದೆ. ಮನೆಗೆ ಬಂದ ಮೇಲೆ ನನ್ನ ಉತ್ತರ ಅರ್ಧಕ್ಕೇ ನಿಂತಿತು ಎನ್ನಿಸುತ್ತಿದೆ, ಏಕೆಂದರೆ ಹೊರದೇಶಗಳಲ್ಲಿ ಇಂಥದ್ದೊಂದು ವಿಧಾನ ಬಳಕೆಯಲ್ಲಿದೆ ಎಂದು ಓದಿದ ನೆನಪಿದೆ. ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ. ಬುಧವಾರ ಆ ತರಗತಿಗೆ ಮತ್ತೆ ಹೋಗಬೇಕು.

ನೀರಿನ ಘಟಕ, ಮುಳಬಾಗಿಲು | ಭಾನುವಾರ, ರಾತ್ರಿ 8.50

ಮೇಷ್ಟ್ರೇ, ರಕ್ತದ ವಿಷಯ ನನಗೆ ತಿಳಿಯದು, ದೀಪದ ವಿಷಯ ಆರು ವರ್ಷದಿಂದ ಬಲ್ಲೆ. ಹೋದ ಬೇಸಿಗೆಯಲ್ಲಿ ನಮ್ಮ ಘಟಕದ ಆರ್‌ಒ ಪೊರೆ ಕೆಟ್ಟು, ಬೋರ್‌ವೆಲ್ಲಿನ ಗಡಸು ನೀರು ಅರ್ಧಂಬರ್ಧ ಸೋಸಿ ಬರುತ್ತಿತ್ತು. ಕಾಯಿಸುವ ಪಾತ್ರೆಯ ತಳಕ್ಕೆ ಹಿಡಿಯುತ್ತದಲ್ಲ, ಅಂಥ ಬಿಳಿ ಗಸಿ ದೀಪದ ಸುತ್ತಲಿನ ಕ್ವಾರ್ಟ್ಜ್ ಗಾಜಿನ ಕೊಳವೆಗೂ ಹಿಡಿದುಕೊಂಡಿತು. ದೀಪ ಉರಿಯುತ್ತಲೇ ಇತ್ತು, ಫಲಕದಲ್ಲಿ ಹಸಿರು ಸೂಚಕವೂ ಇತ್ತು. ಆದರೂ ನೀರಿನ ಮಾದರಿಯ ಪರೀಕ್ಷೆಯಲ್ಲಿ ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾ ಬಂತು. ಕೊಳವೆಯನ್ನು ನಿಂಬೆಉಪ್ಪಿನ ನೀರಿನಲ್ಲಿ ನೆನೆಸಿ ಉಜ್ಜಿದ ಮೇಲೆಯೇ ಸರಿಹೋದದ್ದು. ಕಾಗದದಷ್ಟು ದಪ್ಪದ ಗಸಿಯನ್ನು ದಾಟಲಾರದ ಬೆಳಕು ಗಟ್ಟಿ ಕೆಂಪು ರಕ್ತವನ್ನು ದಾಟುವುದು ಹೇಗೆ ಎಂಬುದು ನನ್ನ ಪ್ರಶ್ನೆಯೂ ಹೌದು.

ರಕ್ತನಿಧಿ ಮೇಜು | ಭಾನುವಾರ, ರಾತ್ರಿ 10.05

ನಾನು ಹದಿನಾಲ್ಕು ವರ್ಷಗಳಿಂದ ರಕ್ತನಿಧಿಯೊಂದರಲ್ಲಿ ತಂತ್ರಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ರಕ್ತಕ್ಕೆ ಬೆಳಕು ಹಾಯಿಸುವ ಯಂತ್ರ ನಮ್ಮಲ್ಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಹುಡುಗಿಯ ಪ್ರಶ್ನೆ ಬಹಳ ಸರಿಯಾಗಿದೆ, ನೀರಿನ ಘಟಕದವರ ಸಂದೇಹವೂ ಅಷ್ಟೇ ಸರಿಯಾಗಿದೆ.

ಶಿಬಿರದಲ್ಲಿ ನೀವು ಕಂಡದ್ದು 350 ಅಥವಾ 450 ಮಿಲಿಲೀಟರಿನ ಇಡೀ ರಕ್ತ. ರಕ್ತದ ಭಾಗಗಳನ್ನು ಬೇರ್ಪಡಿಸುವ ಸೌಲಭ್ಯವಿರುವ ಕಡೆ ಅದು ಹಾಗೆಯೇ ಉಳಿಯುವುದಿಲ್ಲ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದ ಮೇಲೆ ಕೆಂಪು ರಕ್ತಕಣ ಒಂದು ಚೀಲಕ್ಕೆ, ಪ್ಲಾಸ್ಮಾ ಎಂಬ ದ್ರವಭಾಗ ಇನ್ನೊಂದಕ್ಕೆ, ರಕ್ತಸ್ರಾವ ನಿಲ್ಲಿಸುವ ಪ್ಲೇಟ್‌ಲೆಟ್ ಮತ್ತೊಂದಕ್ಕೆ ಹೋಗುತ್ತವೆ. ಕೆಂಪು ಕಣಗಳನ್ನು ಫ್ರಿಜ್‌ನಲ್ಲಿಡುತ್ತೇವೆ, ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿ ಒಂದು ವರ್ಷದವರೆಗೆ ಇಡುತ್ತೇವೆ. ಪ್ಲೇಟ್‌ಲೆಟ್ ಮಾತ್ರ ತಣ್ಣಗಾಗುವ ಹಾಗಿಲ್ಲ. 20ರಿಂದ 24 ಡಿಗ್ರಿಯ ಪೆಟ್ಟಿಗೆಯಲ್ಲಿ, ತೊಟ್ಟಿಲಿನಂತೆ ಹಗಲೂ ರಾತ್ರಿ ಓಲಾಡುವ ತಟ್ಟೆಯ ಮೇಲೆ, ಹೆಚ್ಚೆಂದರೆ ಐದು ದಿನ. (ಡೆಂಗಿ ಕಾಲದಲ್ಲಿ ನಮ್ಮ ಕಡೆ ಬಹಳ ಜನ ಇದನ್ನೇ ‘ಬಿಳಿ ರಕ್ತಕಣ’ ಎಂದು ಕೇಳಿಕೊಂಡು ಬರುತ್ತಾರೆ. ಬಿಳಿ ರಕ್ತಕಣವೇ ಬೇರೆ, ಪ್ಲೇಟ್‌ಲೆಟ್ ಎಂಬ ಕಿರುಬಿಲ್ಲೆಯೇ ಬೇರೆ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.)

ಹಿಮೋಗ್ಲೋಬಿನ್ ನೇರಳಾತೀತ ಬೆಳಕನ್ನು ತಾನೇ ನುಂಗಿಬಿಡುವುದರಿಂದ, ಗಟ್ಟಿಯಾದ ಕೆಂಪು ಕಣಗಳ ಚೀಲದಲ್ಲಿ ಮೇಷ್ಟ್ರ ಮಾತು ಪೂರ್ತಿ ನಿಜ. ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್ ಚೀಲಗಳಾದರೋ ತಿಳಿಹಳದಿ. ಒಳ್ಳೆಯ ಪ್ಲೇಟ್‌ಲೆಟ್ ಚೀಲವನ್ನು ಟ್ಯೂಬ್‌ಲೈಟಿಗೆ ಹಿಡಿದು ಮೆಲ್ಲಗೆ ಅದುಮಿದರೆ, ರೇಷ್ಮೆ ಸೀರೆಯ ಮಡಿಕೆ ಮಿನುಗುವ ಹಾಗೆ ಒಳಗೆ ಅಲೆಯೊಂದು ಸುಳಿಯುತ್ತದೆ. ಕಣಗಳು ಬಿಲ್ಲೆಯ ಆಕಾರದಲ್ಲೇ ಇವೆ ಎಂಬುದಕ್ಕೆ ಅದೇ ಗುರುತು. ಕೆಟ್ಟ ಚೀಲದಲ್ಲಿ ಆ ಮಿನುಗು ಕಾಣುವುದಿಲ್ಲ. ಇಷ್ಟು ಬೆಳಕು ದಾಟುವ ಚೀಲದ ಮೇಲೆ ನೇರಳಾತೀತ ಬೆಳಕಿನ ಕೆಲಸ ನಡೆಯುತ್ತದೆ, ಮತ್ತು ಅತಿ ಹೆಚ್ಚು ಅಗತ್ಯವಿರುವುದೂ ಅಲ್ಲಿಯೇ. ದಾನಿಯ ಚರ್ಮದಿಂದ ಸೂಜಿಯೊಡನೆ ಒಂದೆರಡು ಬ್ಯಾಕ್ಟೀರಿಯಾ ಚೀಲಕ್ಕೆ ಸೇರಿದರೆ, ಫ್ರಿಜ್‌ನಲ್ಲಿ ಅವು ಬೆಳೆಯದೆ ಉಳಿಯಬಹುದು. ಕೋಣೆಯ ಬೆಚ್ಚನೆಯಲ್ಲಿ ಐದು ದಿನ ಓಲಾಡುವ ಪ್ಲೇಟ್‌ಲೆಟ್‌ನಲ್ಲಿ, ಹೊರಗಿಟ್ಟ ಹಾಲಿನಲ್ಲಿ ಬೆಳೆದಂತೆ ಬೆಳೆದುಬಿಡುತ್ತವೆ.

ಅಂತರಗಂಗೆ ಮೇಷ್ಟ್ರು | ಭಾನುವಾರ, ರಾತ್ರಿ 10.30

ಮೇಡಂ, ಹಾಲೆಂದದ್ದಕ್ಕೆ ಕೇಳುತ್ತೇನೆ: ಡೈರಿಯಲ್ಲಿ ಹಾಲನ್ನು ಪಾಶ್ಚರೀಕರಿಸುವಂತೆ ಇದನ್ನೂ ಬಿಸಿ ಮಾಡಿದರೆ ಆಗದೇ? ಇನ್ನೊಂದು ಸಂದೇಹ. ವೈರಸ್ಸನ್ನು ಕೊಲ್ಲುವ ಬೆಳಕು ಪ್ಲೇಟ್‌ಲೆಟ್‌ಗಳನ್ನು ಏಕೆ ಕೊಲ್ಲುವುದಿಲ್ಲ?

ಪಿಜಿ ಓದುವವನು | ಸೋಮವಾರ, ಬೆಳಗ್ಗೆ 6.20

ರಾತ್ರಿ ಪಾಳಿ ಮುಗಿಸಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಮೇಡಂ ತಿದ್ದಬೇಕು.

ಪ್ಲಾಸ್ಮಾದಿಂದ ತೆಗೆಯುವ ಆಲ್ಬುಮಿನ್ ಎಂಬ ಪ್ರೋಟೀನನ್ನು 60 ಡಿಗ್ರಿಯಲ್ಲಿ 10 ಗಂಟೆ ಕಾಯಿಸುವ ಪದ್ಧತಿ ದಶಕಗಳಿಂದ ಇದೆ. ಆದರೆ ಜೀವಕೋಶಗಳಿರುವ ಚೀಲವನ್ನು ಹಾಗೆ ಕಾಯಿಸಿದರೆ ಏನೂ ಉಳಿಯುವುದಿಲ್ಲ.

ಎರಡನೆಯ ಪ್ರಶ್ನೆಯಲ್ಲೇ ಈ ವಿಧಾನದ ಜೀವಾಳವಿದೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲ, ಕೆಂಪು ಕಣಕ್ಕೂ ಇಲ್ಲ. ರಕ್ತಸ್ರಾವ ನಿಲ್ಲಿಸುವ ತನ್ನ ಕೆಲಸಕ್ಕೆ ಪ್ಲೇಟ್‌ಲೆಟ್ ಡಿಎನ್‌ಎಯನ್ನು ನೆಚ್ಚಿಕೊಂಡಿಲ್ಲ. ವೈರಸ್, ಬ್ಯಾಕ್ಟೀರಿಯಾ, ಮಲೇರಿಯಾ ಪರಾವಲಂಬಿಗಳಾದರೋ ಡಿಎನ್‌ಎ ಅಥವಾ ಆರ್‌ಎನ್‌ಎ ನಕಲಾಗದೆ ವೃದ್ಧಿಯಾಗಲಾರವು. ಆದ್ದರಿಂದ ಗುರಿ ಇಡುವುದು ಆ ಎಳೆಗಳ ಮೇಲೆ. ಎಳೆಗೆ ಗಂಟು ಬಿದ್ದರೆ ಕ್ರಿಮಿ ಚೀಲದಲ್ಲಿದ್ದೂ ಬೆಳೆಯಲಾರದು, ರೋಗ ತರಲಾರದು. ಹಾಗಾಗಿ ‘ಕೊಲ್ಲುವುದು’ ಎನ್ನುವುದಕ್ಕಿಂತ ‘ನಿಷ್ಕ್ರಿಯಗೊಳಿಸುವುದು’ ಎನ್ನುವುದು ಸರಿಯಾದ ಮಾತು.

ಗಂಟು ಹಾಕಲು ಮೂರು ದಾರಿಗಳು ಬಳಕೆಗೆ ಬಂದಿವೆ. ಒಂದರಲ್ಲಿ ಅಮೊಟೊಸಾಲೆನ್ ಎಂಬ ಔಷಧವನ್ನು ಚೀಲಕ್ಕೆ ಬೆರೆಸಿ, 320ರಿಂದ 400 ನ್ಯಾನೋಮೀಟರಿನ ಯುವಿ-ಎ ಬೆಳಕನ್ನು ಕೆಲವು ನಿಮಿಷ ಹಾಯಿಸುತ್ತಾರೆ. ಔಷಧದ ಕಣ ಡಿಎನ್‌ಎ ಎಳೆಗಳ ನಡುವೆ ನುಸುಳಿ ಕೂತಿರುತ್ತದೆ; ಬೆಳಕು ಬಿದ್ದೊಡನೆ ಎರಡೂ ಎಳೆಗಳನ್ನು ಬೆಸೆದುಬಿಡುತ್ತದೆ. ಉಳಿದ ಔಷಧವನ್ನು ಹೀರುವ ಬಿಲ್ಲೆಯಿರುವ ಇನ್ನೊಂದು ಚೀಲದಲ್ಲಿ ಕೆಲವು ಗಂಟೆ ಇಟ್ಟು ತೆಗೆದ ನಂತರವೇ ರೋಗಿಗೆ ಕೊಡುತ್ತಾರೆ. ಇಂಟರ್‌ಸೆಪ್ಟ್ ಎಂಬ ಹೆಸರಿನ ಈ ವ್ಯವಸ್ಥೆಗೆ ಯುರೋಪಿನಲ್ಲಿ ಪ್ಲೇಟ್‌ಲೆಟ್‌ಗಾಗಿ 2002ರಲ್ಲಿ, ಅಮೆರಿಕದಲ್ಲಿ 2014ರ ಡಿಸೆಂಬರಿನಲ್ಲಿ ಅನುಮತಿ ದೊರೆಯಿತು. ಎರಡನೆಯದು ಮಿರಾಸೋಲ್, ಇದರಲ್ಲಿ ಬೆರೆಸುವುದು ರೈಬೋಫ್ಲೇವಿನ್, ಅಂದರೆ ನಾವು ಬಾಯಿಹುಣ್ಣಿಗೆ ನುಂಗುವ ಮಾತ್ರೆಯಲ್ಲಿರುವ ಅದೇ ಬಿ2 ವಿಟಮಿನ್. ಅದನ್ನು ಮತ್ತೆ ತೆಗೆಯಬೇಕಾಗಿಲ್ಲ. ಮೂರನೆಯದು ಥೆರಾಫ್ಲೆಕ್ಸ್, ಇದರಲ್ಲಿ ಯಾವ ಔಷಧವೂ ಇಲ್ಲ, ನೀರಿನ ಘಟಕದವರು ಬಳಸುವ 254 ನ್ಯಾನೋಮೀಟರಿನ ಯುವಿ-ಸಿ ಬೆಳಕೇ. ಆ ಬೆಳಕು ಆಳಕ್ಕೆ ಇಳಿಯದ ಕಾರಣ, ಅಗಲವಾದ ಚಪ್ಪಟೆ ಚೀಲವನ್ನು ರಭಸವಾಗಿ ಅಲ್ಲಾಡಿಸಿ, ದ್ರವ ತೆಳು ಪದರವಾಗಿ ಹರಡುವಂತೆ ಮಾಡಿ ಒಂದು ನಿಮಿಷದೊಳಗೆ ಮುಗಿಸುತ್ತಾರೆ. ಮೇಷ್ಟ್ರ ಶಿಷ್ಯೆ ಊಹಿಸಿದ್ದು ಈ ಮೂರನೆಯದನ್ನೇ.

ಒಂದು ಮಾತು ಸೇರಿಸದೆ ಇರಲಾರೆ. ಅಮೊಟೊಸಾಲೆನ್ ಸೊರಾಲೆನ್ ಎಂಬ ಕುಟುಂಬಕ್ಕೆ ಸೇರಿದ್ದು. ತೊನ್ನಿಗೆ ಬಾವಂಚಿ ಬೀಜ ಅರೆದು ಹಚ್ಚಿ ಬೆಳಗಿನ ಬಿಸಿಲಿಗೆ ಕೂರಿಸುವುದನ್ನು ನಮ್ಮಜ್ಜಿಯ ಕಾಲದವರು ಕಂಡಿದ್ದಾರಲ್ಲ, ಆ ಬೀಜದಲ್ಲಿರುವುದೂ ಸೊರಾಲೆನ್ನೇ. ಚರ್ಮರೋಗದ ವಿಭಾಗದಲ್ಲಿ ಇಂದಿಗೂ ಸೊರಾಲೆನ್ ಕೊಟ್ಟು ಯುವಿ-ಎ ಬೆಳಕಿನಡಿ ನಿಲ್ಲಿಸುತ್ತಾರೆ. ರಕ್ತಕ್ಕೆ ಬಳಸುವುದು ಕಾರ್ಖಾನೆಯಲ್ಲಿ ತಯಾರಿಸಿದ ಬೇರೆ ರೂಪ, ಬಾವಂಚಿಯಿಂದ ತೆಗೆದದ್ದಲ್ಲ. ಆದರೆ ಬೆಳಕು ಬಿದ್ದಾಗ ಮಾತ್ರ ಕೆಲಸ ಮಾಡುವ ಗುಣ ಎರಡಕ್ಕೂ ಒಂದೇ.

ಲೆಕ್ಕಿಗ, ಕೆಜಿಎಫ್ | ಸೋಮವಾರ, ಬೆಳಗ್ಗೆ 9.40

ಡಾಕ್ಟರ್ ಸಾಹೇಬರ ವಿವರಣೆ ಸೊಗಸಾಗಿದೆ. ಆದರೆ ದಾನ ಮಾಡಿದ ಪ್ರತಿ ಚೀಲವನ್ನೂ ಈಗಾಗಲೇ ಪರೀಕ್ಷಿಸುತ್ತಾರೆ ಎಂದು ತಿಳಿದಿದ್ದೇನೆ. ಪರೀಕ್ಷೆಯಲ್ಲಿ ಪಾಸಾದ ಚೀಲಕ್ಕೆ ಮತ್ತೆ ದುಬಾರಿ ಬೆಳಕು ಏಕೆ? ಕಾಯಿಸಿ ಸೋಸಿದ ನೀರನ್ನು ಮತ್ತೊಮ್ಮೆ ಕಾಯಿಸಿದ ಹಾಗಲ್ಲವೇ?

ರಕ್ತನಿಧಿ ಮೇಜು | ಸೋಮವಾರ, ಮಧ್ಯಾಹ್ನ 2.10

ನಮ್ಮ ದೇಶದಲ್ಲಿ ಪ್ರತಿ ಚೀಲಕ್ಕೂ ಕಡ್ಡಾಯವಾಗಿರುವ ಪರೀಕ್ಷೆಗಳು ಐದು: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ಡೆಂಗಿ ಆ ಪಟ್ಟಿಯಲ್ಲಿಲ್ಲ. ಪರೀಕ್ಷೆಯೆಂದರೆ ಹೆಸರು ಹಿಡಿದು ಕೂಗಿದಂತೆ. ಯಾರ ಹೆಸರು ಕೂಗಿದೆವೋ ಅವರಷ್ಟೇ ಓಗೊಡುತ್ತಾರೆ. ಹೆಸರು ಕೂಗಿದರೂ ಓಗೊಡದ ಕಾಲವೊಂದಿದೆ, ಅದನ್ನೇ ನಾವು ವಿಂಡೋ ಪೀರಿಯಡ್ ಎನ್ನುತ್ತೇವೆ. ಸೋಂಕು ತಗುಲಿದ ಮೊದಲ ದಿನಗಳಲ್ಲಿ ವೈರಸ್ ರಕ್ತದಲ್ಲಿದ್ದರೂ ಪರೀಕ್ಷೆಗೆ ಸಿಗುವಷ್ಟು ಇರುವುದಿಲ್ಲ. ಎಲೈಸಾ ಎಂಬ ಮಾಮೂಲಿ ಪರೀಕ್ಷೆಗೆ ಎಚ್‌ಐವಿ ಸಿಗಲು ಎರಡು ಮೂರು ವಾರ ಬೇಕಾಗಬಹುದು. ವೈರಸ್ಸಿನ ಆರ್‌ಎನ್‌ಎಯನ್ನೇ ಹುಡುಕುವ ನ್ಯಾಟ್ ಪರೀಕ್ಷೆಯಲ್ಲಿ ಅದು ಸುಮಾರು 10–11 ದಿನಕ್ಕಿಳಿಯುತ್ತದೆ, ಸೊನ್ನೆಯಾಗುವುದಿಲ್ಲ. ಆ ದಿನಗಳಲ್ಲಿ ಕೊಟ್ಟ ರಕ್ತದ ಪರೀಕ್ಷೆಯ ಫಲಿತಾಂಶ ನೆಗೆಟಿವ್ ಎಂದೇ ಬರುತ್ತದೆ, ನಾವೂ ಹಾಗೆಯೇ ಮೊಹರು ಹಾಕುತ್ತೇವೆ.

ಬೆಳಕಿನ ಹೆಚ್ಚುಗಾರಿಕೆ ಇಲ್ಲಿದೆ. ಅದು ಯಾರ ಹೆಸರನ್ನೂ ಕೇಳುವುದಿಲ್ಲ.

ಪಿಜಿ ಓದುವವನು | ಸೋಮವಾರ, ಸಂಜೆ 7.00

ಮೇಡಂ ಮಾತಿಗೆ ಒಂದು ನಿದರ್ಶನ. 2006ರಲ್ಲಿ ನಮ್ಮ ಕಡೆ ಚಿಕೂನ್‌ಗುನ್ಯಾ ಬಂದು ಮನೆ ಮನೆಯಲ್ಲೂ ಜನ ಗೋಡೆ ಹಿಡಿದು ನಡೆದದ್ದು ಹಿರಿಯರಿಗೆ ನೆನಪಿರಬೇಕು. ಅದಕ್ಕೆ ಸ್ವಲ್ಪ ಮೊದಲು, 2005–06ರಲ್ಲಿ, ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪವನ್ನು ಅದೇ ಕಾಯಿಲೆ ಮುತ್ತಿತ್ತು. ಅದು ಫ್ರಾನ್ಸಿಗೆ ಸೇರಿದ ದ್ವೀಪ. ಅಲ್ಲಿ ರಕ್ತ ಸಂಗ್ರಹವನ್ನೇ ನಿಲ್ಲಿಸಿ ಫ್ರಾನ್ಸಿನಿಂದ ರಕ್ತ ತರಿಸಿಕೊಂಡರು. ಆದರೆ ಐದೇ ದಿನ ಬಾಳುವ ಪ್ಲೇಟ್‌ಲೆಟ್‌ಗಳನ್ನು ಅಷ್ಟು ದೂರದಿಂದ ತರಿಸಿಕೊಂಡು ನಡೆಸುವುದು ಕಷ್ಟ. ಆಗ ದ್ವೀಪದ ದಾನಿಗಳಿಂದಲೇ ಪ್ಲೇಟ್‌ಲೆಟ್ ತೆಗೆದು, ಅಮೊಟೊಸಾಲೆನ್ ಮತ್ತು ಬೆಳಕಿನಿಂದ ಸಂಸ್ಕರಿಸಿ ಬಳಸಿದರು. ಮುಂದೆ ಸ್ವಿಟ್ಜರ್ಲೆಂಡ್ 2011ರಲ್ಲಿ, ಫ್ರಾನ್ಸ್ 2017ರಲ್ಲಿ ದೇಶದ ಎಲ್ಲ ಪ್ಲೇಟ್‌ಲೆಟ್‌ಗಳಿಗೂ ಇದನ್ನು ಜಾರಿಗೆ ತಂದವು. ರಕ್ತದ ಮೂಲಕ ಡೆಂಗಿ ಹರಡಿದ ಪ್ರಕರಣಗಳು ಹಾಂಗ್‌ಕಾಂಗ್ ಮತ್ತು ಸಿಂಗಪುರಗಳಲ್ಲಿ ದಾಖಲಾಗಿವೆ ಎಂಬುದನ್ನೂ ಲೆಕ್ಕಿಗರು ತಮ್ಮ ಖಾತೆಗೆ ಸೇರಿಸಿಕೊಳ್ಳಬಹುದು.

ಲೆಕ್ಕಿಗ, ಕೆಜಿಎಫ್ | ಸೋಮವಾರ, ರಾತ್ರಿ 9.15

ಸೇರಿಸಿಕೊಂಡೆ. ಖರ್ಚಿನ ಕಡೆಯನ್ನು ನೀವು ಬರೆಯಲಿಲ್ಲವಾದ್ದರಿಂದ ನಾನೇ ಹುಡುಕಿದೆ. ಅಮೆರಿಕದಲ್ಲಿ 645 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಸ್ಪ್ರಿಂಟ್ ಎಂಬ ಪ್ರಯೋಗದಲ್ಲಿ, ಗಮನಾರ್ಹ ರಕ್ತಸ್ರಾವವಾದವರ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಸಮವಾಗಿತ್ತು: ಸಂಸ್ಕರಿಸಿದ ಪ್ಲೇಟ್‌ಲೆಟ್ ಪಡೆದವರಲ್ಲಿ ಶೇ 58.5, ಮಾಮೂಲಿನದು ಪಡೆದವರಲ್ಲಿ ಶೇ 57.5. ಸರಿ. ಆದರೆ ಮೊದಲ ಗುಂಪಿನವರಿಗೆ ಸರಾಸರಿ 8.4 ಬಾರಿ ಪ್ಲೇಟ್‌ಲೆಟ್ ಕೊಡಬೇಕಾಯಿತು, ಎರಡನೆಯವರಿಗೆ 6.2 ಬಾರಿ ಸಾಕಾಯಿತು. ಅಂದರೆ ಬೆಳಕಿಗೆ ಒಡ್ಡಿದ ಪ್ಲೇಟ್‌ಲೆಟ್ ಮೈಯಲ್ಲಿ ಅಷ್ಟು ದಿನ ಬಾಳುವುದಿಲ್ಲ. ಮೂರು ಕೊಡುವ ಕಡೆ ನಾಲ್ಕು. ಡೆಂಗಿ ತಿಂಗಳಲ್ಲಿ ಪ್ಲೇಟ್‌ಲೆಟ್‌ಗಾಗಿ ರಾತ್ರೋರಾತ್ರಿ ಬೆಂಗಳೂರಿಗೆ ಕಾರು ಓಡಿಸುವ ಜಿಲ್ಲೆ ನಮ್ಮದು. ಇರುವ ದಾನಿಗಳೇ ಸಾಲದಿರುವಾಗ ನಾಲ್ಕನೆಯ ದಾನಿಯನ್ನು ಎಲ್ಲಿಂದ ತರುವುದು? ಯಂತ್ರದ ಬೆಲೆ ಬೇರೆ, ಪ್ರತಿ ಬಾರಿ ಬಳಸಿ ಎಸೆಯುವ ಚೀಲದ ಬೆಲೆ ಬೇರೆ.

ಪಿಜಿ ಓದುವವನು | ಸೋಮವಾರ, ರಾತ್ರಿ 9.50

ನಿಮ್ಮ ಆಕ್ಷೇಪಣೆ ನ್ಯಾಯವಾದದ್ದು, ಅದನ್ನು ತಳ್ಳಿಹಾಕುವುದಿಲ್ಲ. ಫ್ರಾನ್ಸಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗ ಸಂಸ್ಕರಿಸಿದ ಪ್ಲೇಟ್‌ಲೆಟ್ ಮಾಮೂಲಿನದಕ್ಕೆ ಕಡಿಮೆಯಲ್ಲ ಎಂದು ಪೂರ್ತಿಯಾಗಿ ಸಾಬೀತುಪಡಿಸಲಾಗದೆ ಹೋಯಿತು. ಜೊತೆಗೆ, ಹೊರಕವಚವಿಲ್ಲದ ಹೆಪಟೈಟಿಸ್ ಎ, ಹೆಪಟೈಟಿಸ್ ಇಯಂಥ ವೈರಸ್‌ಗಳ ಮೇಲೂ, ಬ್ಯಾಕ್ಟೀರಿಯಾದ ಬೀಜಕಣಗಳ ಮೇಲೂ ಅಮೊಟೊಸಾಲೆನ್ ವಿಧಾನ ಹೆಚ್ಚೇನೂ ನಡೆಯುವುದಿಲ್ಲ. ಆದ್ದರಿಂದ ಈ ಬೆಳಕು ಪರೀಕ್ಷೆಯ ಬದಲಿಗೆ ಅಲ್ಲ, ಪರೀಕ್ಷೆಯ ನಂತರ. ಎರಡನ್ನೂ ಮಾಡುವ ಶಕ್ತಿಯಿಲ್ಲದ ಕಡೆ ಮೊದಲು ನ್ಯಾಟ್ ಪರೀಕ್ಷೆ ಬರಲಿ ಎಂಬುದು ನನ್ನ ಅಭಿಪ್ರಾಯ. ನನ್ನ ಗುರುಗಳು ಇದನ್ನು ಒಪ್ಪುವುದಿಲ್ಲ, ಅದು ಬೇರೆ ಮಾತು.

ತಾಯಿ, ಮಾಲೂರು | ಸೋಮವಾರ, ರಾತ್ರಿ 11.20

ನನ್ನ ಮಗನಿಗೆ ಒಂಬತ್ತು ವರ್ಷ, ಥಲಸ್ಸೀಮಿಯಾ ಇದೆ. ಇಪ್ಪತ್ತು ಇಪ್ಪತ್ತೈದು ದಿನಕ್ಕೊಮ್ಮೆ ರಕ್ತ ಹಾಕಿಸುತ್ತೇವೆ. ಇಲ್ಲಿಯವರೆಗೆ ಎಷ್ಟು ಜನರ ರಕ್ತ ಅವನ ಮೈಯಲ್ಲಿ ಹರಿದಿದೆ ಎಂದು ಲೆಕ್ಕ ಇಟ್ಟಿದ್ದೆ, ನೂರು ದಾಟಿದ ಮೇಲೆ ಬಿಟ್ಟೆ. ಪ್ರತಿ ಸಲ ಚೀಲ ನೇತುಹಾಕಿದಾಗ ಅದರ ಮೇಲಿನ ಚೀಟಿಯಲ್ಲಿ ಐದೂ ಪರೀಕ್ಷೆಗಳ ಮುಂದೆ ನೆಗೆಟಿವ್ ಎಂದಿರುವುದನ್ನು ಓದಿಕೊಂಡೇ ಕೂರುತ್ತೇನೆ. ನೀವೆಲ್ಲ ಪ್ಲೇಟ್‌ಲೆಟ್ ಬಗ್ಗೆ ಬರೆಯುತ್ತಿದ್ದೀರಿ. ನನ್ನ ಮಗನಿಗೆ ಬೇಕಾಗಿರುವುದು ಕೆಂಪು ರಕ್ತ. ಅವನಿಗೆ ಇದರಿಂದ ಏನಾದರೂ ಪ್ರಯೋಜನವಿದೆಯೇ?

ಪಿಜಿ ಓದುವವನು | ಮಂಗಳವಾರ, ಬೆಳಗ್ಗೆ 6.45

ಅಕ್ಕಾ, ನೇರವಾಗಿ ಹೇಳಬೇಕೆಂದರೆ ಇವತ್ತಿನ ಮಟ್ಟಿಗೆ ಇಲ್ಲ. ಮಾಡುತ್ತಿರುವ ಪ್ರಯತ್ನಗಳನ್ನು ಮಾತ್ರ ಹೇಳಬಲ್ಲೆ.

ಕೆಂಪು ಕಣಗಳಿಗೆ ಬೆಳಕು ಒಗ್ಗದ ಕಾರಣ, ಬೆಳಕಿಲ್ಲದೆಯೇ ಡಿಎನ್‌ಎ ಎಳೆಗಳನ್ನು ಬೆಸೆದು ಆಮೇಲೆ ತಾನೇ ಕರಗಿಹೋಗುವ ಅಮಸ್ಟಲೀನ್ ಎಂಬ ಔಷಧವನ್ನು ರೂಪಿಸಿದ್ದಾರೆ. ಅದರ ಮೊದಲ ರೂಪವನ್ನು ಪಡೆದ ಇಬ್ಬರು ರೋಗಿಗಳ ಮೈಯಲ್ಲಿ ಸಂಸ್ಕರಿಸಿದ ಕಣಗಳ ವಿರುದ್ಧವೇ ಪ್ರತಿಕಾಯ ಹುಟ್ಟಿದ್ದರಿಂದ 2003ರಲ್ಲಿ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ತಿದ್ದಿದ ರೂಪವನ್ನು ಇಟಲಿ ಮತ್ತು ಟರ್ಕಿಯಲ್ಲಿ ಪರೀಕ್ಷಿಸಿದ್ದು ನಿಮ್ಮ ಮಗನಂಥ ಥಲಸ್ಸೀಮಿಯಾ ರೋಗಿಗಳಲ್ಲೇ. 2019ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ರೋಗಿಗಳಿಗೆ ಬೇಕಾದ ರಕ್ತದ ಪ್ರಮಾಣ ಮಾಮೂಲಿಗಿಂತ ಹೆಚ್ಚಾಗಲಿಲ್ಲ.

ಇನ್ನೊಂದು ದಾರಿ, ಬೇರ್ಪಡಿಸುವ ಮೊದಲು ಇಡೀ ರಕ್ತಕ್ಕೇ ರೈಬೋಫ್ಲೇವಿನ್ ಬೆರೆಸಿ ಬೆಳಕು ಹಾಯಿಸುವುದು. ಘಾನಾ ದೇಶದ ಕುಮಾಸಿ ನಗರದಲ್ಲಿ ಹೀಗೆ ಮಾಡಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಮಲೇರಿಯಾ ಪರಾವಲಂಬಿಯಿದ್ದ ರಕ್ತವನ್ನು ಹಾಗೆಯೇ ಪಡೆದ 37 ಜನರಲ್ಲಿ 8 ಮಂದಿಗೆ ಸೋಂಕು ದಾಟಿತು. ಬೆಳಕು ಕಂಡ ರಕ್ತ ಪಡೆದ 28 ಜನರಲ್ಲಿ ಒಬ್ಬರಿಗೆ ಮಾತ್ರ. ಬೆಳಕು ಕೆಂಪು ರಕ್ತದಲ್ಲಿ ಸ್ವಲ್ಪವೂ ನಡೆಯುವುದಿಲ್ಲ ಎಂದು ನಾನು ಹೇಳಿಕೊಂಡು ಬಂದಿದ್ದೆ, ಅದನ್ನು ಇಷ್ಟರಮಟ್ಟಿಗೆ ತಿದ್ದಿಕೊಳ್ಳಬೇಕು: ಹೆಚ್ಚು ಬೆಳಕು ಬೇಕು, ಕಣಗಳಿಗೆ ಪೆಟ್ಟೂ ಬೀಳುತ್ತದೆ, ಆದರೂ ನಡೆಯುತ್ತದೆ.

ರಕ್ತನಿಧಿ ಮೇಜು | ಮಂಗಳವಾರ, ಮಧ್ಯಾಹ್ನ 1.30

ಮಾಲೂರಿನ ಅಮ್ಮ, ನಿಮ್ಮ ಮಗನ ವಿಷಯದಲ್ಲಿ ಇಂದೇ ಕೇಳಬಹುದಾದ ಎರಡು ಪ್ರಶ್ನೆಗಳಿವೆ. ನೀವು ಹೋಗುವ ಕಡೆ ನ್ಯಾಟ್ ಪರೀಕ್ಷೆಯಾದ ರಕ್ತ ಸಿಗುತ್ತದೆಯೇ, ಮತ್ತು ಬಿಳಿ ರಕ್ತಕಣಗಳನ್ನು ಸೋಸಿದ ರಕ್ತ ಕೊಡುತ್ತಾರೆಯೇ ಎಂದು ಕೇಳಿ. ಮತ್ತೆ ಮತ್ತೆ ರಕ್ತ ಪಡೆಯುವ ಮಕ್ಕಳಿಗೆ ಎರಡನೆಯದರಿಂದ ಚಳಿಜ್ವರದ ಕಾಟವೂ ಕಡಿಮೆಯಾಗುತ್ತದೆ. ಕೇಳುವುದರಲ್ಲಿ ಸಂಕೋಚ ಬೇಡ. ಕೇಳುವ ತಾಯಂದಿರ ಮಕ್ಕಳ ಫೈಲನ್ನು ನಾವೂ ಒಂದು ಸಲ ಹೆಚ್ಚಾಗಿ ತಿರುವಿಹಾಕುತ್ತೇವೆ.

ಮಾವಿನತೋಪು, ಶ್ರೀನಿವಾಸಪುರ | ಮಂಗಳವಾರ, ಸಂಜೆ 5.05

ಇಷ್ಟೆಲ್ಲ ಯಂತ್ರ ತಂತ್ರ ಏಕೆ ಎಂದು ಕೇಳುತ್ತೇನೆ. ನಮ್ಮ ಮನೆಯಲ್ಲಿ ಯಾರಿಗೆ ರಕ್ತ ಬೇಕಾದರೂ ಅಣ್ಣತಮ್ಮಂದಿರು, ಮಕ್ಕಳು, ಸೋದರಳಿಯಂದಿರೇ ಕೊಡುವುದು ಎಂದು ನಿಯಮ ಮಾಡಿಕೊಂಡಿದ್ದೇವೆ. ಯಾರದೋ ರಕ್ತಕ್ಕಿಂತ ಸ್ವಂತದವರ ರಕ್ತ ಲೇಸಲ್ಲವೇ? ಮತ್ತೊಂದು ವಿಷಯ. ರಕ್ತವನ್ನು ಹೊರತೆಗೆದು ನೇರಳಾತೀತ ಬೆಳಕಿಗೆ ಒಡ್ಡಿ ಮತ್ತೆ ಏರಿಸಿದರೆ ಸಕ್ಕರೆ ಕಾಯಿಲೆಯಿಂದ ಮಂಡಿ ನೋವಿನವರೆಗೆ ಎಲ್ಲವೂ ವಾಸಿಯಾಗುತ್ತದೆ ಎಂಬ ಜಾಹೀರಾತು ನನ್ನ ಫೋನಿಗೆ ಬಂದಿದೆ. ನೀವು ಹೇಳುತ್ತಿರುವುದು ಅದನ್ನೇ ಏನು?

ಪಿಜಿ ಓದುವವನು | ಮಂಗಳವಾರ, ರಾತ್ರಿ 8.30

ಜಾಹೀರಾತಿನದು ಬೇರೆಯೇ ಕಥೆ. ರೋಗಿಯ ರಕ್ತವನ್ನೇ ತೆಗೆದು ಬೆಳಕಿಗೆ ಒಡ್ಡಿ ಅವರಿಗೇ ಏರಿಸುವ ಪದ್ಧತಿ ಕಳೆದ ಶತಮಾನದ 20–30ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿ, ಆಂಟಿಬಯಾಟಿಕ್‌ಗಳು ಬಂದ ಮೇಲೆ ಮೂಲೆ ಸೇರಿತು. ಅದರ ಒಂದು ಗಂಭೀರ ದಾಯಾದಿಯಿದೆ: ಚರ್ಮದ ಒಂದು ಬಗೆಯ ಲಿಂಫೋಮಾ ಎಂಬ ಕ್ಯಾನ್ಸರಿಗೆ ಬಿಳಿ ಕಣಗಳನ್ನಷ್ಟೇ ಬೇರ್ಪಡಿಸಿ, ಸೊರಾಲೆನ್ ಮತ್ತು ಯುವಿ-ಎಗೆ ಒಡ್ಡಿ ಹಿಂದಿರುಗಿಸುವ ಚಿಕಿತ್ಸೆ, ಅದಕ್ಕೆ 1988ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಸಿಕ್ಕಿದೆ. ಸಕ್ಕರೆ ಕಾಯಿಲೆಗೂ ಮಂಡಿ ನೋವಿಗೂ ಆ ಜಾಹೀರಾತಿಗೆ ಹಣ ಕೊಡಬೇಡಿ.

ರಕ್ತನಿಧಿ ಮೇಜು | ಮಂಗಳವಾರ, ರಾತ್ರಿ 9.10

ಸ್ವಂತದವರ ರಕ್ತದ ವಿಷಯಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ವಾರಕ್ಕೆ ಮೂರು ಸಲವಾದರೂ ಕೌಂಟರಿನಲ್ಲಿ ಇದೇ ವಾದ ನಡೆಯುತ್ತದೆ. ‘ಮಗನೇ ಬಂದಿದ್ದಾನೆ ಮೇಡಂ, ಇವನದನ್ನೇ ತಾಯಿಗೆ ಹಾಕಿ’ ಎನ್ನುತ್ತಾರೆ. ನಾವು ಬೇರೆಯವರ ಚೀಲ ಕೊಟ್ಟರೆ, ತಮ್ಮ ಮಗನ ಒಳ್ಳೆಯ ರಕ್ತವನ್ನು ಇನ್ಯಾರಿಗೋ ಮಾರಿಕೊಂಡರು ಎಂಬ ಅನುಮಾನ ಕಣ್ಣಲ್ಲೇ ಕಾಣುತ್ತದೆ.

ಚೀಲದಲ್ಲಿ ದಾನಿಯ ಬಿಳಿ ರಕ್ತಕಣಗಳೂ ಸ್ವಲ್ಪ ಇರುತ್ತವೆ. ಅಪರಿಚಿತರ ಬಿಳಿ ಕಣಗಳನ್ನು ಮೈ ಪರಕೀಯವೆಂದು ಗುರುತಿಸಿ ಮುಗಿಸಿಬಿಡುತ್ತದೆ. ಹತ್ತಿರದ ಸಂಬಂಧಿಯ ಕಣಗಳಾದರೆ ಕೆಲವೊಮ್ಮೆ ಅವನ್ನು ನಮ್ಮವೇ ಎಂದುಕೊಂಡು ಸುಮ್ಮನಾಗುತ್ತದೆ, ಆದರೆ ಆ ಕಣಗಳು ಸುಮ್ಮನಿರುವುದಿಲ್ಲ. ಅವು ಅಲ್ಲಿಯೇ ಬೇರೂರಿ ರೋಗಿಯ ಚರ್ಮ, ಕರುಳು, ಮಜ್ಜೆಗಳ ಮೇಲೆ ತಿರುಗಿಬೀಳುತ್ತವೆ. ಅಪರೂಪದ ತೊಡಕು ಇದು, ಆದರೆ ಬಂದವರಲ್ಲಿ ಬದುಕುವವರು ತೀರ ಕಡಿಮೆ. ತಂದೆ ತಾಯಿಗಳಿಬ್ಬರೂ ಒಂದೇ ಗುರುತಿನ ಜೀನುಗಳನ್ನು ಕೊಟ್ಟಿರುವ ದಾನಿಯಿಂದ ಈ ಅಪಾಯ ಹೆಚ್ಚು. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವ ನಮ್ಮ ಕಡೆಯ ಮನೆಗಳಲ್ಲಿ ಅಂಥ ದಾನಿಗಳು ಸಿಗುವ ಸಂಭವವೂ ಹೆಚ್ಚು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕಾಗಿಯೇ ರಕ್ತಸಂಬಂಧಿಯ ಚೀಲವನ್ನು ಕೊಡಲೇಬೇಕಾದರೆ, ಬಿಳಿ ಕಣಗಳು ವೃದ್ಧಿಯಾಗದಂತೆ ಗಾಮಾ ಕಿರಣಕ್ಕೆ ಒಡ್ಡಿ ಕೊಡಬೇಕು.

ಈಗ ನಮ್ಮ ವಿಷಯಕ್ಕೆ ಬರೋಣ. ಬಿಳಿ ಕಣಕ್ಕೆ ಕೋಶಕೇಂದ್ರವಿದೆ, ಡಿಎನ್‌ಎ ಇದೆ. ಆದ್ದರಿಂದ ವೈರಸ್ಸಿಗೆ ಬಿದ್ದ ಗಂಟು ಇದಕ್ಕೂ ಬೀಳುತ್ತದೆ. ಅಮೊಟೊಸಾಲೆನ್‌ನಿಂದ ಸಂಸ್ಕರಿಸಿದ ಪ್ಲೇಟ್‌ಲೆಟ್‌ಗೆ ಮತ್ತೆ ಗಾಮಾ ಕಿರಣ ಬೇಡ. ಲೆಕ್ಕಿಗರ ಖಾತೆಯಲ್ಲಿ ಇದನ್ನು ಜಮೆಯ ಕಡೆಗೆ ಬರೆಯಬೇಕು.

ಲೆಕ್ಕಿಗ, ಕೆಜಿಎಫ್ | ಮಂಗಳವಾರ, ರಾತ್ರಿ 9.35

ಬರೆದೆ. ಶಿಲ್ಕು ಇನ್ನೂ ಖರ್ಚಿನ ಕಡೆಗೇ ವಾಲಿದೆ.

ಬಿ ನೆಗೆಟಿವ್, ಬಂಗಾರಪೇಟೆ | ಮಂಗಳವಾರ, ರಾತ್ರಿ 10.50

ಮೂರು ದಿನದಿಂದ ಓದುತ್ತಿದ್ದೇನೆ, ಬರೆಯಲು ಧೈರ್ಯ ಬಂದಿರಲಿಲ್ಲ. ನಾನು 21 ಬಾರಿ ರಕ್ತ ಕೊಟ್ಟಿದ್ದೇನೆ. ಕೊನೆಯ ಸಲ ಕೊಟ್ಟು ಇಂದಿಗೆ ಒಂಬತ್ತು ದಿನ. ಕೊಟ್ಟ ದಿನ ಆರೋಗ್ಯವಾಗಿಯೇ ಇದ್ದೆ, ಅರ್ಜಿಯಲ್ಲಿ ಕೇಳಿದ್ದಕ್ಕೆಲ್ಲ ನಿಜವನ್ನೇ ಬರೆದಿದ್ದೆ. ಮರುದಿನ ರಾತ್ರಿ ಜ್ವರ ಬಂತು, ಕಣ್ಣಿನ ಹಿಂದೆ ನೋವು, ಮೈಯೆಲ್ಲ ಮುರಿದ ಹಾಗೆ. ನಾಲ್ಕು ದಿನ ಮಲಗಿದೆ, ಪರೀಕ್ಷೆ ಮಾಡಿಸಲಿಲ್ಲ, ಪ್ಯಾರಾಸಿಟಮಾಲ್ ನುಂಗಿಕೊಂಡು ಎದ್ದೆ. ನನ್ನ ಚೀಲ ಪಾಸಾಗಿರುತ್ತದೆ, ನಾನೇಕೆ ಗಾಬರಿ ಹುಟ್ಟಿಸಲಿ ಎಂದು ಸುಮ್ಮನಿದ್ದೆ. ಡೆಂಗಿ ಪಟ್ಟಿಯಲ್ಲಿಲ್ಲ ಎಂದು ನೀವು ಬರೆದದ್ದನ್ನು ಓದಿದಾಗಿನಿಂದ ನಿದ್ದೆ ಬಂದಿಲ್ಲ. ಆ ಬೆಳಕಿನ ಯಂತ್ರ ಇಲ್ಲದ ಕಡೆ ಈಗ ಏನು ಮಾಡುವುದು?

ರಕ್ತನಿಧಿ ಮೇಜು | ಮಂಗಳವಾರ, ರಾತ್ರಿ 11.00

ಸಾರ್, ದಾನಿಯ ಕಾರ್ಡಿನ ಹಿಂದೆ ಫೋನ್ ನಂಬರ್ ಇರುತ್ತದೆ. ರಾತ್ರಿಯೂ ಒಬ್ಬರು ಪಾಳಿಯಲ್ಲಿರುತ್ತಾರೆ. ಬೆಳಗಾಗುವುದನ್ನು ಕಾಯದೆ ಈಗಲೇ ಕರೆ ಮಾಡಿ, ದಾನ ಮಾಡಿದ ದಿನಾಂಕ ಮತ್ತು ಜ್ವರ ಶುರುವಾದ ದಿನಾಂಕ, ಇವೆರಡನ್ನು ಹೇಳಿ. ನಿಮ್ಮನ್ನು ಯಾರೂ ಬೈಯುವುದಿಲ್ಲ. ಪ್ಲೇಟ್‌ಲೆಟ್‌ನ ಗಡುವು ಮುಗಿದಿದೆ, ಅದು ಹೋಗಿದ್ದರೆ ಹೋಗಿದೆ. ಕೆಂಪು ಕಣ ಇನ್ನೂ ಫ್ರಿಜ್‌ನಲ್ಲಿರಬಹುದು, ಪ್ಲಾಸ್ಮಾ ಫ್ರೀಜರಿನಲ್ಲಿ ಇದ್ದೇ ಇರುತ್ತದೆ ಎಂದುಕೊಂಡಿದ್ದೇನೆ. ಚೀಲದ ನಂಬರ್ ಹಿಡಿದು ಮೂರನ್ನೂ ಹುಡುಕುವುದು ಐದು ನಿಮಿಷದ ಕೆಲಸ.

ಬಿ ನೆಗೆಟಿವ್, ಬಂಗಾರಪೇಟೆ | ಮಂಗಳವಾರ, ರಾತ್ರಿ 11.40

ಕರೆ ಮಾಡಿದೆ. ಪಾಳಿಯಲ್ಲಿದ್ದ ಹುಡುಗ ನಂಬರ್ ಬರೆದುಕೊಂಡು, ಫೋನ್ ಇಡದೆ ಹಾಗೇ ಇರಲು ಹೇಳಿ ಎದ್ದುಹೋದ. ಫ್ರಿಜ್ ಬಾಗಿಲು ತೆಗೆದ ಸದ್ದು ಕೇಳಿಸಿತು. ನನ್ನ ಗುಂಪಿನ ರಕ್ತ ಕೇಳುವವರು ಕಡಿಮೆಯಾದ್ದರಿಂದ ಕೆಂಪು ಕಣದ ಚೀಲ ಅಲ್ಲೇ ಇತ್ತಂತೆ, ಪ್ಲಾಸ್ಮಾವೂ ಇತ್ತಂತೆ. ಎರಡಕ್ಕೂ ಕೆಂಪು ಚೀಟಿ ಅಂಟಿಸಿ ಬೇರೆ ಅರೆಯಲ್ಲಿಟ್ಟಿದ್ದಾನೆ. ಪ್ಲೇಟ್‌ಲೆಟ್ ಮೂರನೆಯ ದಿನವೇ ಹೋಗಿದೆ. ಯಾರಿಗೆ ಎಂದು ಕೇಳಿದೆ, ಅದನ್ನು ಹೇಳುವ ಹಾಗಿಲ್ಲ, ಚಿಕಿತ್ಸೆ ಕೊಟ್ಟ ಡಾಕ್ಟರಿಗೆ ಬೆಳಗ್ಗೆ ತಿಳಿಸುತ್ತೇವೆ ಎಂದ. ನಾಳೆ ನನ್ನ ರಕ್ತದ ಮಾದರಿ ಕೊಡಲು ಹತ್ತು ಗಂಟೆಗೆ ಬರಹೇಳಿದ್ದಾರೆ.

ಅಂತರಗಂಗೆ ಮೇಷ್ಟ್ರು | ಬುಧವಾರ, ಮಧ್ಯಾಹ್ನ 3.45

ಮೂರನೆಯ ಪೀರಿಯಡ್ಡಿನಲ್ಲಿ ಆ ಹುಡುಗಿಗೆ ಬಾವಂಚಿಯಿಂದ ಹಿಡಿದು ಕುಮಾಸಿಯವರೆಗೆ ಎಲ್ಲವನ್ನೂ ಹೇಳಿದೆ, ಬಂಗಾರಪೇಟೆಯವರ ವಿಷಯವನ್ನು ಊರು ಹೆಸರಿಲ್ಲದೆ ಸೇರಿಸಿದೆ. ಎಲ್ಲ ಕೇಳಿಕೊಂಡು, ಹಾಗಾದರೆ ಭಾನುವಾರ ಕೊಟ್ಟವರಿಗೆಲ್ಲ ಈಗ ಜ್ವರವಿದೆಯೇ ಎಂದು ಯಾರು ವಿಚಾರಿಸಿದ್ದಾರೆ ಸಾರ್ ಎಂದಳು. ಶಿಬಿರದ ಪಟ್ಟಿ ನನ್ನ ಬಳಿಯೇ ಇದೆ, 63 ಹೆಸರು. ಈಗ ಸ್ಟಾಫ್ ರೂಮಿನಲ್ಲಿ ಕುಳಿತು ಒಬ್ಬೊಬ್ಬರಿಗೇ ಕರೆ ಮಾಡುತ್ತಿದ್ದೇನೆ, 17 ಮುಗಿದಿವೆ. ಮೇಡಂ, ಒಬ್ಬರಿಗೆ ನೆಗಡಿ ಇದೆಯಂತೆ, ಜ್ವರವಿಲ್ಲ. ಅದನ್ನೂ ರಕ್ತನಿಧಿಗೆ ತಿಳಿಸಬೇಕೇ?

ರಕ್ತನಿಧಿ ಮೇಜು | ಬುಧವಾರ, ಸಂಜೆ 4.00

ತಿಳಿಸಿ ಸಾರ್. ಬೇಕೋ ಬೇಡವೋ ಎಂಬುದನ್ನು ಅವರು ನೋಡಿಕೊಳ್ಳುತ್ತಾರೆ. ಭಾನುವಾರದ ಪ್ಲೇಟ್‌ಲೆಟ್‌ಗೆ ಇನ್ನೂ ಎರಡು ದಿನವಿದೆ, ಉಳಿದ 46 ಕರೆಗಳನ್ನು ಇವತ್ತೇ ಮುಗಿಸಿಬಿಡಿ.